ಹಲಸೂರಿನಿಂದ ಕೃಷ್ಣರಾಜಪುರಕ್ಕೆ: ರಾಜಧಾನಿಯ ನೆರೆಯ ಎರಡು ಪೌರಸಭೆಗಳು

ಬೆಂಗಳೂರಿನಲ್ಲಿ ಹಲಸೂರು ಗೇಟ್ ಎಂಬ ಸ್ಥಳವೊಂದಿದೆ. ಅದು ಹಲಸೂರಿನಲ್ಲಿಲ್ಲ. ಹಳೆಯ ಪೇಟೆಯ ಕೋಟೆಗೆ ಪೂರ್ವ ದಿಕ್ಕಿನಲ್ಲಿದ್ದ ಬಾಗಿಲು ಹಲಸೂರಿನ ದಾರಿಗೆ ಮುಖ ಮಾಡಿದ್ದರಿಂದ ಅದಕ್ಕೆ ಆ ಹೆಸರು ಬಂದಿತು. ಈಗ ಬಾಗಿಲೂ ಇಲ್ಲ, ಗೋಡೆಯೂ ಇಲ್ಲ. ಪೊಲೀಸ್ ಠಾಣೆಯ ಫಲಕದ ಮೇಲೆ ಹೆಸರು ಮಾತ್ರ ಉಳಿದಿದೆ. ಅಲ್ಲಿಂದ ನಿಜವಾದ ಹಲಸೂರಿಗೆ ನಾಲ್ಕೈದು ಕಿಲೋಮೀಟರು. ಪ್ರೌಢಶಾಲೆಯಲ್ಲಿ ಸಮಾಜವಿಜ್ಞಾನದ ಪಾಠ ಮಾಡುತ್ತಿದ್ದಾಗ ಪ್ರತಿವರ್ಷವೂ ಒಬ್ಬನಲ್ಲ ಒಬ್ಬ ಹುಡುಗ ಇದರ ಕಾರಣ ಕೇಳುತ್ತಿದ್ದ. ಊರಿನ ಬಾಗಿಲಿಗೆ ತನ್ನ ಹೆಸರನ್ನಿಡುವುದಿಲ್ಲ, ಅದು ತೋರಿಸುವ ಊರಿನ ಹೆಸರನ್ನಿಡುತ್ತಾರೆ ಎಂದು ನಾನು ಹೇಳುತ್ತಿದ್ದೆ. ದೆಹಲಿಯಲ್ಲಿ ಲಾಹೋರಿ ದರವಾಜೆ ಇದ್ದಂತೆ.

ಆದರೆ ಆ ಹೆಸರು ಇನ್ನೂ ಒಂದು ವಿಷಯವನ್ನು ಹೇಳುತ್ತದೆ. ಹಲಸೂರು ಬೆಂಗಳೂರಾಗಿರಲಿಲ್ಲ, ಬೇರೆ ಊರಾಗಿತ್ತು. ಬೇರೆ ಊರು ಮಾತ್ರವಲ್ಲ, ಮುಂದೆ ಸುಮಾರು 87 ವರ್ಷಗಳ ಕಾಲ ಬೇರೆ ಪೌರಸಭೆಗೂ ಸೇರಿತ್ತು. ರಾಜಧಾನಿಯ ಮಗ್ಗುಲಿನಲ್ಲಿ, ಗಡಿಗೆ ಗಡಿ ತಗುಲಿಕೊಂಡು, ತನ್ನದೇ ತೆರಿಗೆ, ತನ್ನದೇ ಚರಂಡಿ, ತನ್ನದೇ ಸಭೆಗಳನ್ನು ಹೊಂದಿದ್ದ ಪೌರಸಭೆ ನಮ್ಮ ಪೂರ್ವ ಬೆಂಗಳೂರಿಗೆ ಒಂದಲ್ಲ, ಎರಡು ಬಾರಿ ಇತ್ತು. ಮೊದಲನೆಯದು ಹಲಸೂರು, ಶಿವಾಜಿನಗರಗಳನ್ನು ಒಳಗೊಂಡ ದಂಡು ಪ್ರದೇಶದ ಮುನಿಸಿಪಾಲಿಟಿ. ಎರಡನೆಯದು ಅದೇ ಹಳೇ ಮದ್ರಾಸು ರಸ್ತೆಯಲ್ಲಿ ಇನ್ನಷ್ಟು ಪೂರ್ವಕ್ಕೆ ಹೋದರೆ ಸಿಗುವ ಕೃಷ್ಣರಾಜಪುರದ ನಗರಸಭೆ. ಎರಡನ್ನೂ ರಾಜಧಾನಿ ತನ್ನೊಳಗೆ ಸೇರಿಸಿಕೊಂಡಿತು. ಆದರೆ ಎರಡು ಸೇರ್ಪಡೆಗಳೂ ಒಂದೇ ಬಗೆಯವಲ್ಲ ಎಂಬುದು ನನ್ನ ಎಣಿಕೆ. ಅದನ್ನು ವಿವರಿಸುವುದೇ ಈ ಬರಹದ ಉದ್ದೇಶ.

ಶ್ರೀರಂಗಪಟ್ಟಣದ ಜ್ವರಕ್ಕೆ ಬೇಸತ್ತ ಇಂಗ್ಲಿಷರು 1809ರಲ್ಲಿ ತಮ್ಮ ಸೈನ್ಯವನ್ನು ಬೆಂಗಳೂರಿಗೆ ತಂದು ಹಲಸೂರಿನ ಕೆರೆಯ ಆಸುಪಾಸಿನಲ್ಲಿ ನೆಲೆಗೊಳಿಸಿದರು. ಸೈನ್ಯ ಬಂದ ಮೇಲೆ ಸೈನ್ಯಕ್ಕೆ ಬೇಕಾದವರೆಲ್ಲರೂ ಬಂದರು. ಮದ್ರಾಸು ಪ್ರಾಂತದಿಂದ ಮೊದಲಿಯಾರರು, ಪಿಳ್ಳೆಗಳು, ಗುತ್ತಿಗೆದಾರರು, ಕಟ್ಟಡದ ಕೆಲಸಗಾರರು, ಅಡಿಗೆಯವರು, ಅಗಸರು, ಕುದುರೆಯ ಸಾಮಾನು ಹೊಲಿಯುವವರು, ದಖ್ಖನಿ ಮಾತಾಡುವ ಮುಸಲ್ಮಾನ ವರ್ತಕರು, ಕಛ್ಛಿನ ಸೇಠರು. ಹೀಗೆ ಪೇಟೆಗೆ ಸಂಬಂಧವಿಲ್ಲದ ಇನ್ನೊಂದು ಪೇಟೆ ಹುಟ್ಟಿತು. 1862ರಲ್ಲಿ ಪೌರಾಡಳಿತದ ವ್ಯವಸ್ಥೆ ಬಂದಾಗ ಒಂದೇ ಊರೆಂದು ಭಾವಿಸಿ ಒಂದೇ ಸಮಿತಿ ಮಾಡಲಿಲ್ಲ; ಪೇಟೆಗೊಂದು, ದಂಡಿಗೊಂದು ಎಂದು ಎರಡು ಪೌರಸಭೆಗಳಾದವು. ನಡುವೆ 1870ರಲ್ಲಿ ರೂಪುಗೊಂಡ ಕಬ್ಬನ್ ಪಾರ್ಕು ಹಸುರು ಬೇಲಿಯ ಹಾಗೆ ನಿಂತಿತು.

1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಹಿಂತಿರುಗಿಸುವಾಗ ಇಂಗ್ಲಿಷರು ದಂಡು ಪ್ರದೇಶವನ್ನು ಮಾತ್ರ ತಮ್ಮ ಕೈಯಲ್ಲಿಯೇ ಇಟ್ಟುಕೊಂಡರು. ಅದರ ಅಧಿಕೃತ ಹೆಸರು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್. ಅಂದಿನಿಂದ ಗಡಿ ಎಂಬುದು ಬರಿಯ ಪೌರಸಭೆಯ ಗಡಿಯಾಗಿ ಉಳಿಯಲಿಲ್ಲ, ಸರ್ಕಾರದ ಗಡಿಯೇ ಆಯಿತು. ಇತ್ತ ಮಹಾರಾಜರ ಕಾನೂನು, ಅತ್ತ ಗವರ್ನರ್ ಜನರಲ್ಲನ ಕಾನೂನು. ಇತ್ತ ದಿವಾನರು, ಅತ್ತ ರೆಸಿಡೆಂಟರು. ಉದ್ಯಾನದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಡೆದವನು ತನಗರಿವಿಲ್ಲದೆಯೇ ಬೇರೊಂದು ಆಳ್ವಿಕೆಗೆ ಕಾಲಿಟ್ಟಿರುತ್ತಿದ್ದ. ಇಲ್ಲೊಂದು ವಿನೋದವನ್ನು ಹೇಳದೆ ಮುಂದೆ ಹೋಗಲಾರೆ. ಪೇಟೆಯ ಕಡೆಯ ಆಡಳಿತಕ್ಕೆ ಶಿಖರಪ್ರಾಯವಾದ ಅಠಾರಾ ಕಚೇರಿಯನ್ನು, ಅಂದರೆ ಇಂದಿನ ಹೈಕೋರ್ಟಿನ ಕೆಂಪು ಕಟ್ಟಡವನ್ನು, ಗುತ್ತಿಗೆ ಹಿಡಿದು ಕಟ್ಟಿಸಿದವರು ದಂಡಿನ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ಅವರೇ 1873ರಲ್ಲಿ ದಂಡಿನ ಬಡಮಕ್ಕಳಿಗಾಗಿ ಉಚಿತ ಶಾಲೆ ತೆರೆದರು. ಗಡಿಯನ್ನು ಸರ್ಕಾರಗಳು ಎಳೆದವು, ಜನ ಅದನ್ನು ದಾಟಿಕೊಂಡು ಬದುಕಿದರು.

ಇಂದಿನ ನಮ್ಮ ಕಣ್ಣಿಗೆ ದಂಡು ಎಂದರೆ ಊರಿನ ಒಂದು ಮೂಲೆ. ಆದರೆ 1901ರ ಜನಗಣತಿಯನ್ನು ನೋಡಿ: ಪೇಟೆಯ ಕಡೆಯ ನಗರದಲ್ಲಿ 69,447 ಜನ, ದಂಡಿನ ಕಡೆ 89,599 ಜನ. ನೆರೆಯ ಪೌರಸಭೆಯೇ ರಾಜಧಾನಿಗಿಂತ ದೊಡ್ಡದು! ಮೂರು ವರ್ಷ ಹಿಂದೆ, 1898ರಲ್ಲಿ, ಪ್ಲೇಗು ಬಂದು ಪೇಟೆಯನ್ನು ಬರಿದುಮಾಡಿದ್ದೂ ಈ ಅಂತರಕ್ಕೆ ಒಂದು ಕಾರಣವಿರಬೇಕು. ಮುಂದೆ ಪೇಟೆ ಬೆಳೆಯಿತು. 1941ರ ಹೊತ್ತಿಗೆ ನಗರದಲ್ಲಿ ಸುಮಾರು 2 ಲಕ್ಷ 48 ಸಾವಿರ, ದಂಡಿನಲ್ಲಿ ಸುಮಾರು 1 ಲಕ್ಷ 58 ಸಾವಿರ.

ದಂಡಿನ ಮುನಿಸಿಪಾಲಿಟಿ ಅಚ್ಚುಕಟ್ಟಿಗೆ ಹೆಸರಾಗಿತ್ತು. ಹಲಸೂರು, ಸದರ್ನ್ ಡಿವಿಜನ್, ಪೂರ್ವ ಮತ್ತು ಪಶ್ಚಿಮದ ಜನರಲ್ ಬಜಾರುಗಳು, ಕ್ಲೀವ್‌ಲೆಂಡ್ ಟೌನ್, ಹೈಗ್ರೌಂಡ್ ಎಂದು ಆರು ವಿಭಾಗಗಳಿದ್ದವು. ಪ್ಲೇಗಿನ ನಂತರ ಫ್ರೇಜರ್ ಟೌನ್ ಎಂಬ ಗಾಳಿಬೆಳಕಿನ ಬಡಾವಣೆ ಬಂತು. 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆ ಇಂದಿಗೂ ಶಿವಾಜಿನಗರದ ಎದೆಬಡಿತ. ಆದರೆ ಎಲ್ಲ ಬೀದಿಗೂ ಒಂದೇ ಅಚ್ಚುಕಟ್ಟಿರಲಿಲ್ಲ. ಬಂಗಲೆಗಳಿದ್ದ ಕಡೆ ಸಾಲುಮರ, ಅಗಲವಾದ ರಸ್ತೆ. ಹಲಸೂರಿನ ಬಜಾರಿನ ಹಿಂದೆ, ಬ್ಲ್ಯಾಕ್‌ಪಲ್ಲಿಯ ಒಳಗಲ್ಲಿಗಳಲ್ಲಿ ಒಂದೇ ಗೋಡೆಗೆ ಒರಗಿದ ಹತ್ತಾರು ಮನೆ. ಅಲ್ಲಿ ಚುನಾಯಿತ ಸದಸ್ಯರೂ ಇದ್ದರೆಂಬುದು ನಿಜ. ಆದರೆ ಬಹುಕಾಲ ಅಧ್ಯಕ್ಷ ಪೀಠದಲ್ಲಿ ಕುಳಿತವರು ಸರ್ಕಾರದ ಅಧಿಕಾರಿಗಳೇ. ಅವರ ಮೇಲೆ ರೆಸಿಡೆಂಟರು. ರೆಸಿಡೆಂಟರ ಮೇಲೆ ದೆಹಲಿಯ ವಿದೇಶಾಂಗ ಇಲಾಖೆ. ಹಲಸೂರಿನ ಚರಂಡಿಯ ಅಂತಿಮ ಉತ್ತರದಾಯಿತ್ವ ವಿದೇಶಾಂಗ ಇಲಾಖೆಯದು ಎಂದರೆ ಇಂದಿನ ಹುಡುಗರು ನಕ್ಕಾರು.

1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಮೂರು ವಾರವೂ ಇಲ್ಲದಿರುವಾಗ, ದಂಡು ಪ್ರದೇಶ ಮೈಸೂರಿಗೆ ಮರಳಿತು. 1949ರ ಕಾಯಿದೆಯ ಮೂಲಕ ಎರಡು ಪೌರಸಭೆಗಳೂ ಕೂಡಿ ಬೆಂಗಳೂರು ನಗರ ಕಾರ್ಪೊರೇಷನ್ ಆಯಿತು, ಆರ್. ಸುಬ್ಬಣ್ಣನವರು ಮೊದಲ ಮೇಯರರಾದರು. ಈ ಸೇರ್ಪಡೆ ನ್ಯಾಯವಾದುದು ಎಂದೇ ನಾನು ಭಾವಿಸುತ್ತೇನೆ. ಹಲಸೂರಿನವರು ಅಂದು ಕಳೆದುಕೊಂಡದ್ದು ಅಧಿಕಾರಿಗಳ ಒಂದು ಸಭೆಯನ್ನು; ಪಡೆದದ್ದು ತಾವು ಮತ ಹಾಕಿ ಕಳಿಸಿದವರು ಕೂರುವ ಒಂದು ಸಭೆಯನ್ನು. ಆ ಸಭೆಯ ಕಟ್ಟಡವೂ ಪೇಟೆ ಮತ್ತು ದಂಡಿನ ನಡುವೆ, ಹಲಸೂರು ಗೇಟಿನ ಹತ್ತಿರವೇ ಇತ್ತು. ನಡೆದು ಹೋಗಿ ಅಹವಾಲು ಹೇಳಬಹುದಾದ ದೂರ.

ಈಗ ಓದುಗರು ನನ್ನೊಡನೆ ಹಲಸೂರಿನ ಸೋಮೇಶ್ವರನಿಗೆ ಕೈಮುಗಿದು ಹಳೇ ಮದ್ರಾಸು ರಸ್ತೆಯಲ್ಲಿ ಪೂರ್ವಕ್ಕೆ ಬರಬೇಕು. ಬಲಕ್ಕೆ ಹಿಂದೆ ಬಿನ್ನಮಂಗಲ ಎಂಬ ಹಳ್ಳಿಯಿದ್ದ ಕಡೆ ಇಂದಿರಾನಗರ. ಮುಂದೆ ಬೈಯಪ್ಪನಹಳ್ಳಿ, 2002ರಲ್ಲಿ ಮುಚ್ಚಿಹೋದ ಎನ್‌ಜಿಇಎಫ್ ಕಾರ್ಖಾನೆಯ ವಿಶಾಲವಾದ ಆವರಣ, ಟಿನ್ ಫ್ಯಾಕ್ಟರಿ, ರೈಲುಹಳಿಯ ಮೇಲಿನ ತೂಗುಸೇತುವೆ. ಅದನ್ನು ದಾಟಿದರೆ ದೂರವಾಣಿನಗರ, ಆಮೇಲೆ ಕೃಷ್ಣರಾಜಪುರದ ಹಳೆಯ ಊರು, ಸಂತೆ, ವೆಂಗಯ್ಯನ ಕೆರೆ. ಹಲಸೂರಿನಿಂದ ಇಲ್ಲಿಗೆ ಹತ್ತು ಕಿಲೋಮೀಟರಿಗಿಂತ ಹೆಚ್ಚಿಲ್ಲ. ರಾಜಧಾನಿಯ ಪೂರ್ವದ ಗಡಿ ಈ ಹತ್ತು ಕಿಲೋಮೀಟರನ್ನು ನಡೆಯಲು ಅರ್ಧ ಶತಮಾನಕ್ಕಿಂತ ಸ್ವಲ್ಪ ಹೆಚ್ಚು ಕಾಲ ತೆಗೆದುಕೊಂಡಿತು.

ಜೋಲಾರಪೇಟೆಯಿಂದ ದಂಡಿಗೆ ಬರುವ ರೈಲುದಾರಿ 1864ರಲ್ಲಿಯೇ ಈ ಊರಿನ ಬಳಿ ಹಾದುಬಂತಾದರೂ ಕೃಷ್ಣರಾಜಪುರ ಬಹುಕಾಲ ರಾಗಿ, ತರಕಾರಿ, ಸಂತೆಗಳ ಊರಾಗಿಯೇ ಇತ್ತು. ಅದನ್ನು ಬದಲಿಸಿದ್ದು 1948ರಲ್ಲಿ ಬಂದ ಐಟಿಐ, ಅಂದರೆ ಭಾರತೀಯ ದೂರವಾಣಿ ಕಾರ್ಖಾನೆ. ಸ್ವತಂತ್ರ ಭಾರತ ಸ್ಥಾಪಿಸಿದ ಮೊದಲ ಸಾರ್ವಜನಿಕ ಉದ್ಯಮ ಅದು. ದೇಶದ ಮನೆಮನೆಯ ಕಪ್ಪು ಟೆಲಿಫೋನು ಇಲ್ಲಿಂದ ಹೊರಟಿತು. ಕಾರ್ಖಾನೆಯ ವಸತಿಯೊಳಗೆ ರಸ್ತೆ, ನೀರು, ಶಾಲೆ, ಆಸ್ಪತ್ರೆ ಎಲ್ಲವೂ ಇದ್ದವು. ಗೋಡೆಯ ಹೊರಗೆ ವಿಜಿನಾಪುರ, ರಾಮಮೂರ್ತಿನಗರ, ದೇವಸಂದ್ರಗಳಲ್ಲಿ ರೆವಿನ್ಯೂ ನಿವೇಶನಗಳ ಬಡಾವಣೆಗಳು ತಮ್ಮಷ್ಟಕ್ಕೆ ತಾವೇ ಬೆಳೆದವು. ನಿವೃತ್ತಿಯ ಹಣದಲ್ಲಿ ಮೂವತ್ತು ನಲವತ್ತರ ಸೈಟು ಕೊಂಡ ಕಾರ್ಖಾನೆ ನೌಕರರು, ಗುಮಾಸ್ತರು, ನನ್ನಂಥ ಮೇಷ್ಟ್ರುಗಳು ಇಲ್ಲಿ ಮನೆ ಕಟ್ಟಿದರು. ನಗರದೊಳಗೆ ಕೊಳ್ಳುವ ಶಕ್ತಿಯಿಲ್ಲದವರ ಬೆಂಗಳೂರು ಇದು.

1990ರ ದಶಕದಲ್ಲಿ ಬೆಂಗಳೂರನ್ನು ಸುತ್ತುವರಿದು ಏಳು ನಗರಸಭೆಗಳಾದವು: ಕೃಷ್ಣರಾಜಪುರ, ಮಹದೇವಪುರ, ಬ್ಯಾಟರಾಯನಪುರ, ಯಲಹಂಕ, ದಾಸರಹಳ್ಳಿ, ರಾಜರಾಜೇಶ್ವರಿನಗರ, ಬೊಮ್ಮನಹಳ್ಳಿ. ಜೊತೆಗೆ ಕೆಂಗೇರಿಯ ಪುರಸಭೆ. 2001ರ ಜನಗಣತಿಯಲ್ಲಿ ಕೃಷ್ಣರಾಜಪುರ ನಗರಸಭೆಯ ಜನಸಂಖ್ಯೆ ಸುಮಾರು 1 ಲಕ್ಷ 86 ಸಾವಿರ. ಎಂದರೆ 1941ರ ಇಡೀ ದಂಡು ಪ್ರದೇಶಕ್ಕಿಂತ ದೊಡ್ಡ ಊರು.

ಆ ನಗರಸಭೆಯನ್ನು ನಾನು ಹೊಗಳಲು ಹೊರಟಿಲ್ಲ. ಮಳೆ ಬಂದರೆ ರಸ್ತೆಯೇ ಕಾಲುವೆ. ನೀರೆಂದರೆ ಕೊಳವೆಬಾವಿ, ಅದು ಬತ್ತಿದರೆ ಟ್ಯಾಂಕರು. ಒಳಚರಂಡಿ ಬಹುಪಾಲು ಬಡಾವಣೆಗಳಿಗೆ ಕನಸಾಗಿತ್ತು. ಆದರೂ ಒಂದು ಅನುಕೂಲವಿತ್ತು. ನಗರಸಭೆಯ ಸದಸ್ಯರು ಪಕ್ಕದ ಬೀದಿಯವರೇ ಆಗಿರುತ್ತಿದ್ದರು. ನಮ್ಮ ಕಡೆಯ ಸದಸ್ಯರ ಮಗ ನನ್ನ ಶಿಷ್ಯ. ಬೀದಿದೀಪ ಕೆಟ್ಟರೆ ಹಾಲು ತರಲು ಹೋದಾಗಲೇ ಹೇಳಿಬರಬಹುದಿತ್ತು; "ಆಯ್ತು ಮೇಷ್ಟ್ರೇ, ಸಂಜೆಗೆ ಕಳಿಸ್ತೀನಿ" ಎನ್ನುತ್ತಿದ್ದರು. ಸಂಜೆಗೆ ಬಾರದಿದ್ದರೆ ಮರುದಿನ ಮತ್ತೆ ಹಾಲು ತರಲು ಹೋಗುವುದಂತೂ ಇದ್ದೇ ಇತ್ತಲ್ಲ. ಸ್ಥಳೀಯ ಸ್ವರಾಜ್ಯ ಎಂದು ಒಂಬತ್ತನೆಯ ತರಗತಿಗೆ ನಾನು ಹೇಳಿಕೊಡುತ್ತಿದ್ದ ಪಾಠದ ಪ್ರಾತ್ಯಕ್ಷಿಕೆ ಆ ಹಾಲಿನಂಗಡಿಯ ಮುಂದೆ ನಡೆಯುತ್ತಿತ್ತು. ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದದ್ದೂ ಈ ಬಗೆಯ ಆಡಳಿತಕ್ಕಾಗಿಯೇ.

2007ರ ಜನವರಿಯಲ್ಲಿ ಸರ್ಕಾರದ ಅಧಿಸೂಚನೆ ಹೊರಟಿತು. ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಬೆಂಗಳೂರಿಗೆ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಯಿತು. 226 ಚದರ ಕಿಲೋಮೀಟರಿದ್ದ ಪಾಲಿಕೆ ಏಳುನೂರನ್ನು ಮೀರಿತು.

ಇದೇ ತಿಂಗಳು, 2007ರ ಜನವರಿ 1ರಂದು, ಡೆನ್ಮಾರ್ಕ್ ದೇಶದಲ್ಲಿಯೂ ಪೌರಸಭೆಗಳ ವಿಲೀನ ನಡೆಯಿತೆಂಬುದು ಒಂದು ಸೋಜಿಗ. ಅಲ್ಲಿ 271 ಇದ್ದದ್ದು 98ಕ್ಕೆ ಇಳಿಯಿತು. ಆದರೆ ರಾಜಧಾನಿ ಕೋಪನ್‌ಹೇಗನ್ನಿಗೆ ಅಂಟಿಕೊಂಡಿರುವ, ಅಂಟಿಕೊಂಡಿರುವುದೇನು, ನಾಲ್ಕೂ ಕಡೆಯಿಂದ ಅದು ಸುತ್ತುವರಿದಿರುವ, ಫ್ರೆಡೆರಿಕ್ಸ್‌ಬರ್ಗ್ ಎಂಬ ಪೌರಸಭೆ ಹಾಗೆಯೇ ಉಳಿಯಿತು. ಅದರ ಕಥೆಗೂ ನಮ್ಮ ಊರುಗಳ ಕಥೆಗೂ ಹೋಲಿಕೆಗಳುಂಟು. 1651ರಲ್ಲಿ ಡೆನ್ಮಾರ್ಕಿನ ದೊರೆ ಮೂರನೆಯ ಫ್ರೆಡೆರಿಕ್ ಇಪ್ಪತ್ತು ಡಚ್ ಮೂಲದ ರೈತ ಕುಟುಂಬಗಳಿಗೆ ಜಮೀನು ಕೊಟ್ಟು ನೆಲೆಗೊಳಿಸಿದ ಹಳ್ಳಿ ಅದು. ಮುಂದೆ ಅರಮನೆ ಬಂತು, ಬಂಗಲೆಗಳು ಬಂದವು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಸ್ವತಂತ್ರ ಪೌರಸಭೆಯಾಯಿತು. 1901 ಮತ್ತು 1902ರಲ್ಲಿ ಕೋಪನ್‌ಹೇಗನ್ ತನ್ನ ಸುತ್ತಣ ಊರುಗಳನ್ನೆಲ್ಲ ಸೇರಿಸಿಕೊಂಡಾಗ ಇದೊಂದು ಹೊರಗುಳಿಯಿತು. ಒಟ್ಟು ವಿಸ್ತಾರ 9 ಚದರ ಕಿಲೋಮೀಟರೂ ಇಲ್ಲ. ರಸ್ತೆ ದಾಟಿದರೆ ಕೋಪನ್‌ಹೇಗನ್, ಮೆಟ್ರೋ ಒಂದೇ, ಭಾಷೆ ಒಂದೇ. ಆದರೂ ಶಾಲೆ, ಗ್ರಂಥಾಲಯ, ವೃದ್ಧರ ಆರೈಕೆ, ಆದಾಯ ತೆರಿಗೆಯಲ್ಲಿ ಪೌರಸಭೆಯ ಪಾಲಿನ ದರ ಇವೆಲ್ಲವನ್ನೂ ತೀರ್ಮಾನಿಸುವುದು ಅಲ್ಲಿಯವರೇ ಆರಿಸಿದ ಸಭೆ.

ಫ್ರೆಡೆರಿಕ್ಸ್‌ಬರ್ಗ್ ಅನುಕೂಲಸ್ಥರ ಊರು, ಅದು ಬೇರೆಯಾಗಿ ಉಳಿದದ್ದರಲ್ಲಿ ಸ್ವಾರ್ಥವೂ ಇದೆ ಎಂಬ ಆಕ್ಷೇಪವನ್ನು ನಾನು ಅಲ್ಲಗಳೆಯುವುದಿಲ್ಲ. ಅದಕ್ಕೆ ಅವರು ಕಂಡುಕೊಂಡ ಉಪಾಯ ವಿಲೀನವಲ್ಲ. ಶ್ರೀಮಂತ ಪೌರಸಭೆಗಳಿಂದ ಬಡ ಪೌರಸಭೆಗಳಿಗೆ ಹಣ ಹರಿಯುವ ಸಮೀಕರಣದ ವ್ಯವಸ್ಥೆ. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬೇರೆ. ಆ ಸುಧಾರಣೆಯಲ್ಲಿ ಒಂದು ಪೌರಸಭೆಗೆ ಅವರು ಬಯಸಿದ ಕನಿಷ್ಠ ಜನಸಂಖ್ಯೆ ಇಪ್ಪತ್ತು ಸಾವಿರ. ಯಾರೊಡನೆ ಸೇರಬೇಕೆಂದು ತಿಳಿಸಲು ಊರುಗಳಿಗೆ 2005ರ ಆರಂಭದವರೆಗೆ ಕಾಲಾವಕಾಶ ಕೊಟ್ಟಿದ್ದರು. ಕೆಲವೆಡೆ ಜನಮತವನ್ನೂ ತೆಗೆದುಕೊಂಡರು. ಅಂದು ಫ್ರೆಡೆರಿಕ್ಸ್‌ಬರ್ಗಿನಲ್ಲಿ ಇದ್ದ ಜನ ಒಂದು ಲಕ್ಷಕ್ಕೂ ಕಡಿಮೆ. ಅದರ ಹೆಚ್ಚುಕಡಿಮೆ ಇಮ್ಮಡಿ ಜನರಿದ್ದ ಕೃಷ್ಣರಾಜಪುರದಲ್ಲಿ ಯಾವ ಜನಮತವೂ ನಡೆಯಲಿಲ್ಲ.

ವಿಲೀನದ ಪರವಾಗಿ ಅಂದು ಎಲ್ಲರೂ ಹೇಳುತ್ತಿದ್ದ ಮಾತು ಒಂದೇ: ಕಾವೇರಿ ನೀರು ಬರುತ್ತದೆ. ಮಾತು ಸುಳ್ಳೆಂದಲ್ಲ. ಆದರೆ ನೀರು ಕೊಡುವುದು ಪಾಲಿಕೆಯಲ್ಲ, 1964ರಲ್ಲಿ ಸ್ಥಾಪನೆಯಾದ ಜಲಮಂಡಳಿ. ಎಂಟೂ ಸಂಸ್ಥೆಗಳಿಗೆ ನೀರು ಮತ್ತು ಒಳಚರಂಡಿ ಒದಗಿಸುವ ಯೋಜನೆ ವಿಲೀನಕ್ಕೆ ಮೊದಲೇ ಸಿದ್ಧವಾಗಿತ್ತು. ಅದಕ್ಕೆ ಮನೆಯವರಿಂದ ಮುಂಗಡವಾಗಿ ವಂತಿಗೆಯನ್ನೂ ಪಡೆಯಲಾಗಿತ್ತು. ನಗರಸಭೆಗಳು ನಗರಸಭೆಗಳಾಗಿಯೇ ಉಳಿದಿದ್ದರೂ ಕೊಳವೆ ಹಾಯಬಹುದಿತ್ತು. ಸೇರಿಕೊಂಡ 110 ಹಳ್ಳಿಗಳಿಗಾದರೂ ಬೇಗ ಬಂತೇ ಎಂದರೆ, ಅವುಗಳಿಗಾಗಿ ರೂಪಿಸಿದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ ದಾಟಿತ್ತು.

ಹೋದದ್ದು ಮಾತ್ರ ತಕ್ಷಣ ಹೋಯಿತು. 2007ರ ಜನವರಿಯಲ್ಲಿ ನಗರಸಭೆಯ ಸದಸ್ಯರು ಇಲ್ಲವಾದರು. ಹೊಸ ಪಾಲಿಕೆಗೆ ಚುನಾವಣೆ ನಡೆದದ್ದು 2010ರ ಮಾರ್ಚಿನಲ್ಲಿ. ನಡುವಿನ ಮೂರು ವರ್ಷ ಆಡಳಿತ ಅಧಿಕಾರಿಗಳ ಕೈಯಲ್ಲಿ. ಚುನಾವಣೆಯಾದಾಗ 198 ವಾರ್ಡುಗಳ ಸಭೆಯಲ್ಲಿ ಕೃಷ್ಣರಾಜಪುರ ವಿಧಾನಸಭಾ ಕ್ಷೇತ್ರದ ಪಾಲಿಗೆ ಬಂದವು ಒಂಬತ್ತು. ವಲಯ ಕಚೇರಿ ಮಹದೇವಪುರದಲ್ಲಿ, ಕೇಂದ್ರ ಕಚೇರಿ ಹಲಸೂರು ಗೇಟಿನ ಬಳಿ. ಎರಡು ಬಸ್ಸು ಬದಲಾಯಿಸಿ, ಟಿನ್ ಫ್ಯಾಕ್ಟರಿಯಲ್ಲಿ ಒಂದು ಗಂಟೆ ನಿಂತು ಹೋಗಬೇಕಾದ ದೂರ. ಆ ದೂರವನ್ನು ಮೆಟ್ರೋ ತಗ್ಗಿಸಿದ್ದೂ ತಡವಾಗಿಯೇ. ಬೈಯಪ್ಪನಹಳ್ಳಿಗೆ 2011ರಲ್ಲಿ ಬಂದ ರೈಲು ಅಲ್ಲಿಂದ ಮುಂದಿನ ಸ್ವಲ್ಪವೇ ದೂರವನ್ನು ಕ್ರಮಿಸಿ ಕೃಷ್ಣರಾಜಪುರ ಮುಟ್ಟಿದ್ದು 2023ರ ಅಕ್ಟೋಬರಿನಲ್ಲಿ.

ಇನ್ನೊಂದು ಫಲ ಖಾತೆಯದು. ನಗರಸಭೆಯಿದ್ದಾಗ ಕಂದಾಯ ಕಟ್ಟಿ, ಖಾತೆ ಮಾಡಿಸಿಕೊಂಡು ನೆಮ್ಮದಿಯಾಗಿದ್ದ ರೆವಿನ್ಯೂ ಬಡಾವಣೆಯವರು ವಿಲೀನದ ನಂತರ 'ಬಿ' ವಹಿಗೆ ಸೇರಿ, ಎ ಖಾತೆಯವರು, ಬಿ ಖಾತೆಯವರು ಎಂಬ ಎರಡು ಜಾತಿಗಳಾದರು. ನಿಯಮದ ಪ್ರಕಾರ ಬಡಾವಣೆ ಆಗಿರಲಿಲ್ಲವೆಂಬುದು ಸತ್ಯವೇ. ಆದರೆ ಮನೆ ಸಾಲಕ್ಕೆ ಬ್ಯಾಂಕಿಗೆ ಹೋದವನಿಗೆ, ಮಗಳ ಮದುವೆಗೆಂದು ಸೈಟು ಮಾರಲು ಹೊರಟವನಿಗೆ, ಅದೊಂದು ಅಕ್ಷರ ಎಷ್ಟು ಭಾರವೆಂಬುದು ಈ ಭಾಗದ ಪ್ರತಿ ಮನೆಗೂ ಗೊತ್ತು.

ಚುನಾಯಿತ ಪಾಲಿಕೆ 2010ರಿಂದ ಎರಡು ಅವಧಿ ನಡೆಯಿತು. 2020ರ ಸೆಪ್ಟೆಂಬರಿನಲ್ಲಿ ಎರಡನೆಯ ಅವಧಿ ಮುಗಿದ ಮೇಲೆ ಮತ್ತೆ ಅಧಿಕಾರಿಗಳ ಆಡಳಿತ. ಈ ಬಾರಿ ಮೂರಲ್ಲ, ಐದು ವರ್ಷ ಕಳೆದರೂ ಚುನಾವಣೆಯಿಲ್ಲ. 2025ರ ಮೇ ತಿಂಗಳ ಮಳೆಯಲ್ಲಿ ಹೊರಮಾವಿನ ಸಾಯಿ ಬಡಾವಣೆ ಮುಳುಗಿ, ಜನ ನೆಲಮಹಡಿ ಬಿಟ್ಟು ಮೇಲೆ ಹತ್ತಿ ಕುಳಿತಾಗ, ಅವರ ಪಾಲಿಗೆ ಒಬ್ಬನೇ ಒಬ್ಬ ಪಾಲಿಕೆ ಸದಸ್ಯನೂ ಇರಲಿಲ್ಲ. ಮಂತ್ರಿಗಳು ಬಂದರು, ಆಯುಕ್ತರು ಬಂದರು. ಹಾಲಿನಂಗಡಿಯ ಬಳಿ ಮರುದಿನವೂ ಸಿಗುವವರು ಯಾರೂ ಇರಲಿಲ್ಲ.

ಇಷ್ಟಾದ ಮೇಲೆ 2025ರ ಸೆಪ್ಟೆಂಬರ್ 2ರಿಂದ ಬೃಹತ್ ಪಾಲಿಕೆಯನ್ನು ಒಡೆದು ಐದು ಮಾಡಲಾಯಿತು. ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಐದರಲ್ಲಿ ಒಂದು ಬೆಂಗಳೂರು ಪೂರ್ವ ನಗರ ಪಾಲಿಕೆ. ಅದರ ವ್ಯಾಪ್ತಿಯೇನೆಂದು ನಕ್ಷೆ ತೆಗೆದು ನೋಡಿದೆ. ಕೃಷ್ಣರಾಜಪುರ ಮತ್ತು ಮಹದೇವಪುರ ಎಂಬ ಎರಡು ವಿಧಾನಸಭಾ ಕ್ಷೇತ್ರಗಳು. ಬಹುಮಟ್ಟಿಗೆ 2007ರಲ್ಲಿ ರದ್ದಾದ ಎರಡು ನಗರಸಭೆಗಳು ಮತ್ತು ಅವುಗಳ ಸುತ್ತಣ ಹಳ್ಳಿಗಳು. ಹದಿನೆಂಟು ವರ್ಷದ ನಂತರ ಪೂರ್ವದ ಜನರಿಗೆ ಅವರದೇ ಪೌರಸಂಸ್ಥೆ ಬೇಕೆಂಬುದನ್ನು ಸರ್ಕಾರವೇ ಒಪ್ಪಿಕೊಂಡಂತಾಯಿತು. ಹಲಸೂರು, ಶಿವಾಜಿನಗರಗಳು ಮಾತ್ರ ಇದಕ್ಕೆ ಸೇರಲಿಲ್ಲ. ಹೊಸ ಪಾಲಿಕೆ ಹುಟ್ಟಿದ ದಿನ ಅದಕ್ಕೆ ಆಯುಕ್ತರಿದ್ದರು, ಕಚೇರಿಯಿತ್ತು, ಕಂದಾಯದ ಲೆಕ್ಕವಿತ್ತು. ಸದಸ್ಯರ ಚುನಾವಣೆ ಇನ್ನೂ ಆಗಬೇಕಾಗಿತ್ತು.